ಎಣಿಸಬಾರದ ಮಂದೆ

ಕಾರೇಗುಡ್ಡದ ಹಟ್ಟಿ
ಜವನಗೊಂಡನಹಳ್ಳಿ ಹೋಬಳಿ, ಹಿರಿಯೂರು ತಾಲ್ಲೂಕು
೧೨ ಮೇ ೧೯೭೪

ತಮ್ಮ ಚಿತ್ರಲಿಂಗಪ್ಪನಿಗೆ,

ಮೊದಲು ಪಟ್ಟಿ ಓದು. ಕ್ಷೇಮಸಮಾಚಾರ ಆಮೇಲೆ.

ಕೊಡುತ್ತೇವೆ ಅಂದದ್ದು: ಹಟ್ಟಿಯ ಎದುರಿಗೆ, ಈಗ ಎತ್ತರಿಸಿರುವ ಹೆದ್ದಾರಿಯ ಕೆಳಗೆ, ಆರಡಿ ಎತ್ತರ ಹತ್ತಡಿ ಅಗಲದ ಮೋರಿ. ನಾವೂ ನಮ್ಮ ಕುರಿಯೂ ರಸ್ತೆ ಹತ್ತದೆ, ಕೆಳಗಿಂದಲೇ ಆಚೆಯ ಗುಡ್ಡಕ್ಕೆ ಹೋಗಿ ಬರಲಿಕ್ಕೆ. ಕೊಡುತ್ತೇವೆ ಅಂದದ್ದು: ಎರಡೂ ಕಡೆ 'ನಿಧಾನ' ಅನ್ನುವ ಬೋರ್ಡು. ಕೊಡುತ್ತೇವೆ ಅಂದದ್ದು: ಒಂದು ದೀಪದ ಕಂಬ. ಮಾತು ಕೊಟ್ಟವರು ರಸ್ತೆ ಅಗಲ ಮಾಡುವ ಕ್ಯಾಂಪ್ ಆಫೀಸಿನ ಇಂಜಿನಿಯರು. ಕೊಟ್ಟ ಜಾಗ, ಕೆಂಚಕ್ಕನ ಗಂಡ ಜುಂಜಯ್ಯನ ಹೆಣದ ಪಕ್ಕ. ಹೋದ ದೀಪಾವಳಿಯ ಮಾರನೇ ದಿನ, ಲಾರಿ ಅವನ ಮೇಲೆ ಹಾದುಹೋದ ಬೆಳಿಗ್ಗೆ.

ಇಲ್ಲ ಅಂದದ್ದು: ಮೋರಿ ಇಲ್ಲ. ಬೋರ್ಡಿಗೆ ಮಂಜೂರಾತಿ ಇಲ್ಲ. ದೀಪ ನಮ್ಮ ಇಲಾಖೆಗೆ ಸೇರಿದ್ದಲ್ಲ.

ನಮಗೆ ಇಲ್ಲವಾದ ಮೋರಿ ನಾಲ್ಕು ಫರ್ಲಾಂಗು ಆಚೆ ಹುಟ್ಟುತ್ತಿದೆ. ಎಣ್ಣೆಮಿಲ್ಲಿನ ಗಂಗಾಧರಪ್ಪ ತನ್ನ ಹೊಲವನ್ನು ಸೈಟು ಮಾಡಿ ಮಾರುತ್ತಿದ್ದಾನಲ್ಲ, ಅದರ ಮುಂದೆ ಗೂಟ ಹೊಡೆದಿದ್ದಾರೆ. ಮಳೆಗಾಲ ಕಳೆದ ಮೇಲೆ ಕೆಲಸ. ಅಲ್ಲಿ ಇನ್ನೂ ಒಂದು ಮನೆ ಎದ್ದಿಲ್ಲ, ಒಂದು ಮಗು ಆಡುತ್ತಿಲ್ಲ. ಸುತ್ತ ಮುಳ್ಳುತಂತಿ. ನಮ್ಮ ಕುರಿ ಅತ್ತ ಸುಳಿಯುವಂತಿಲ್ಲ. ನಮ್ಮ ಪಾಲಿಗೆ ಎರಡಡಿಯ ಸಿಮೆಂಟು ಪೈಪು, ಮಳೆನೀರು ಹೋಗಲಿಕ್ಕೆ.

ಯಾಕೆ ಹೀಗೆ ಅಂತ ಕೇಳಲು ನಾನೇ ಆಫೀಸಿಗೆ ಹೋದೆ. ಒಂದು ಕಾಗದದ ನಕಲು ಕೈಗೆ ಹಾಕಿದರು. ಅದರಲ್ಲಿರುವುದು ಇಷ್ಟು. ಹಟ್ಟಿಯಲ್ಲಿ ಹದಿನೇಳು ಮನೆ. ಮನೆಗೆ ಹತ್ತರಿಂದ ಹನ್ನೆರಡು ಕುರಿ. ಒಟ್ಟು ನೂರ ತೊಂಬತ್ತಮೂರು. ದಿನಕ್ಕೆ ಐನೂರಕ್ಕಿಂತ ಕಡಿಮೆ ಜಾನುವಾರು ದಾಟುವ ಕಡೆ ಮೋರಿ ಕೊಡಲು ಬರುವುದಿಲ್ಲ. ಕೆಳಗೆ ಎಣಿಕೆ ಮಾಡಿದವನ ಸಹಿ. ನಿನ್ನ ಸಹಿ.

ನಮ್ಮಲ್ಲಿ ಕುರಿ ಎಣಿಸುವುದಿಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಅನ್ನುವ ಭಯ. ಸಂಜೆ ರೊಪ್ಪದ ಬಾಗಿಲಲ್ಲಿ ಅಪ್ಪ ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಾನೆ. ಯಾವುದು ಬಂದಿಲ್ಲ ಅಂತ ಹೇಳುತ್ತಾನೆ, ಎಷ್ಟು ಬಂದವು ಅಂತ ಹೇಳುವುದಿಲ್ಲ. ಹೊರಗಿನವರು ಕೇಳಿದರೆ ಎಲ್ಲರ ಉತ್ತರವೂ ಹತ್ತೋ ಹನ್ನೆರಡೋ. ಬೇರೆ ಊರಿನ ಗುಮಾಸ್ತನೊಬ್ಬ ಅದನ್ನು ನಂಬಿ ಬರೆದುಕೊಂಡಿದ್ದರೆ ನಾನು ಬೈಯುತ್ತಿರಲಿಲ್ಲ. ನೀನು ಆ ರೊಪ್ಪದ ಗೊಬ್ಬರ ಬಾಚಿ ಬೆಳೆದವನು. ನಾನೂ ಇಲ್ಲಿ ಸಂಖ್ಯೆ ಬರೆಯುತ್ತಿಲ್ಲ, ನೋಡಿಕೋ. ಕೈ ಓಡುವುದಿಲ್ಲ. ಆದರೆ ನಮ್ಮ ಮನೆಯದೊಂದೇ ಮಂದೆ ರಸ್ತೆ ದಾಟಲಿಕ್ಕೆ ಎಷ್ಟು ಹೊತ್ತು ಬೇಕು ಅನ್ನುವುದು ನಿನಗೆ ಗೊತ್ತು.

ಮಾರ್ಚಿ ತಿಂಗಳಲ್ಲಿ ನೀನು ಸಾಹೇಬರ ಜೀಪಿನಿಂದ ಇಳಿದದ್ದನ್ನು ಇಡೀ ಹಟ್ಟಿ ನೋಡಿತು. ಅಪ್ಪನ ಮುಂದೆ ನಿಂತು, ಯಜಮಾನರೇ ಕುರಿ ಎಷ್ಟಿವೆ ಅಂದೆ. ಅಪ್ಪ ನಿನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಕಂಬಳಿ ಹಾಸಿದ.

"ಕುಂತ್ಕಳ್ರಿ ಸ್ವಾಮಿ. ಹತ್ತೋ ಹನ್ನೆರಡೋ ಅವೆ."

ನೀನು ಕೂರಲಿಲ್ಲ. ನಾನು ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ಇದ್ದೆ. ಅದನ್ನೂ ಮುಟ್ಟಲಿಲ್ಲ.

ಎಣಿಕೆ ತಪ್ಪು ಅಂತ ನಿಮ್ಮ ಆಫೀಸಿಗೆ ಬರೆದು ಕೊಡು. ನಿನ್ನಿಂದ ಕೇಳುತ್ತಿರುವುದು ಅದೊಂದೇ.

ನಿನ್ನ ಅಕ್ಕ
ಜಯಕ್ಕ

---

ಚಿತ್ರದುರ್ಗ
೨೯ ಮೇ ೧೯೭೪

ಅಕ್ಕನಿಗೆ ನಮಸ್ಕಾರ.

ದಯವಿಟ್ಟು ಆಫೀಸಿನ ವಿಳಾಸಕ್ಕೆ ಕಾಗದ ಹಾಕಬೇಡ. ಅಲ್ಲಿ ಟಪಾಲು ಒಡೆಯುವವರು ಬೇರೆಯವರು. ರೂಮಿನ ವಿಳಾಸವನ್ನು ಕವರಿನ ಮೇಲೆ ಬರೆದಿದ್ದೇನೆ.

ನೀನು ಕೇಳಿದ್ದು ಒಂದೇ ಸಾಲು ಅಂತ ನಿನಗೆ ಅನ್ನಿಸಿದೆ. ಆ ಸಾಲಿನ ಹಿಂದೆ ಏನಿದೆ ಅಂತ ಹೇಳುತ್ತೇನೆ. ತನ್ನ ಸ್ವಂತ ಊರಿನಲ್ಲಿ ಯಾವ ನೌಕರನೂ ಎಣಿಕೆ ಮಾಡುವಂತಿಲ್ಲ, ಅದು ನಿಯಮ. ನಾನು ಕೆಲಸಕ್ಕೆ ಸೇರುವಾಗ ಊರು ರಾಮಗಿರಿ ಅಂತ ಬರೆಸಿದ್ದೆ. ಹಾಸ್ಟೆಲಿನಲ್ಲಿದ್ದು ಓದಿದ್ದು ಅಲ್ಲೇ ಆದ್ದರಿಂದ ಯಾರೂ ಅನುಮಾನಪಡಲಿಲ್ಲ. ಯಾಕೆ ಹಾಗೆ ಬರೆಸಿದೆ ಅಂತ ನೀನು ಕೇಳುತ್ತೀಯ. ಈ ಆಫೀಸಿನಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹಟ್ಟಿಯ ಕಡೆಯವರು ಯಾರಾದರೂ ಅರ್ಜಿ ಹಿಡಿದು ಬಂದರೆ, ಕುರಿ ವಾಸನೆ ಅಂತ ಮೂಗು ಮುಚ್ಚಿ ನಗುತ್ತಾರೆ. ನಾನೂ ಅವರ ಜೊತೆ ಕೂತು ಉಣ್ಣಬೇಕಿತ್ತು.

ಎಣಿಕೆಯ ಪಟ್ಟಿಯಲ್ಲಿ ನಮ್ಮ ಹಟ್ಟಿಯ ಹೆಸರು ಬಂದಾಗ ಬೇಡ ಅನ್ನಲಾಗಲಿಲ್ಲ. ಬೇಡ ಅಂದರೆ ಯಾಕೆ ಅನ್ನುತ್ತಾರೆ. ಅಪ್ಪ ಹೇಳಿದ್ದನ್ನು ಬರೆದೆ. ಅದು ಸುಳ್ಳು ಅಂತ ಸಾಹೇಬರಿಗೆ ಹೇಳಿದ್ದರೆ, ನಿನಗೆ ಹೇಗೆ ಗೊತ್ತು ಅನ್ನುತ್ತಿದ್ದರು. ಈಗ ಬಾಯಿ ಬಿಟ್ಟರೂ ಅದೇ. ಸುಳ್ಳು ಊರು ಬರೆಸಿದ್ದಕ್ಕೆ ಕೆಲಸ ಹೋಗುತ್ತದೆ. ಡಿಸೆಂಬರಿಗೆ ನನ್ನನ್ನು ಕಾಯಂ ಮಾಡುತ್ತಾರೆ ಅಕ್ಕ. ನಾಲ್ಕು ವರ್ಷ ಕಾದಿದ್ದೇನೆ.

ನನ್ನನ್ನು ಬಿಟ್ಟು ಬೇರೆ ದಾರಿ ಇದೆ. ಹಟ್ಟಿಯವರೇ ನಿಜವಾದ ಸಂಖ್ಯೆ ಬರೆದು ಅರ್ಜಿ ಹಾಕಿ. ಎಲ್ಲಾ ಮನೆಯವರೂ ಸಹಿ, ಹೆಬ್ಬೆಟ್ಟು ಹಾಕಲಿ. ಮರು ಎಣಿಕೆ ಕೇಳಲು ಅವಕಾಶ ಇದೆ. ಒಂದು ಸಂಖ್ಯೆ ಸಾಕು. ಜುಂಜಯ್ಯ ಸತ್ತ ಮೇಲೂ ಒಂದು ಸಂಖ್ಯೆ ಹೇಳಲಿಕ್ಕೆ ನಿಮಗೆ ಬಾಯಿ ಬರುವುದಿಲ್ಲ ಅಂದರೆ ತಪ್ಪು ನನ್ನೊಬ್ಬನದೇ?

ಆ ದಿನ ಜೀಪು ಹೋದ ಮೇಲೆ ಅಪ್ಪ ಏನಾದರೂ ಅಂದನೇ?

ಇಂತಿ
ಚಿತ್ರಲಿಂಗಪ್ಪ

---

ಕಾರೇಗುಡ್ಡದ ಹಟ್ಟಿ
೨೩ ಜೂನ್ ೧೯೭೪

ಚಿತ್ರಲಿಂಗಪ್ಪ,

ಅಪ್ಪ ಏನೂ ಅನ್ನಲಿಲ್ಲ. ನಿನಗೆ ಅಂತ ಹಾಸಿದ ಕಂಬಳಿ ಮಾರನೇ ದಿನದವರೆಗೂ ಅಲ್ಲೇ ಬಿದ್ದಿತ್ತು.

ನೀನು ಹೇಳಿದ ದಾರಿಯನ್ನೂ ಹಿಡಿದು ನೋಡಿದೆವು. ಹದಿನೇಳು ಮನೆಯವರೂ ಸೇರಿ ಸಂಘ ಕಟ್ಟಿದ್ದೇವೆ. ಬಾಲವಾಡಿಯ ಟೀಚರಮ್ಮ ಅಂತ ನನ್ನನ್ನೇ ಕಾರ್ಯದರ್ಶಿ ಮಾಡಿದರು. ಮೊದಲ ಸಭೆಯಲ್ಲೇ ಜಂಬಣ್ಣ ಮೂತಿ ತಿರುಗಿಸಿ ಕೂತ.

"ಗಂಡನ ಮನೇಲಿ ನಿಲ್ಲಕ್ಕಾಗದೋಳು ಲಾರಿ ನಿಲ್ಲಿಸ್ತಾಳಂತೆ."

ನಾನು ಸುಮ್ಮನಿರಲಿಲ್ಲ. ನಾನು ಅಲ್ಲೇ ನಿಂತಿದ್ದರೆ ನಿನ್ನ ಮಗಳಿಗೆ ಅಕ್ಷರ ಯಾರು ಕಲಿಸುತ್ತಿದ್ದರು, ನೀನಾ ಅಂದೆ. ಹೆಂಗಸರು ನಕ್ಕರು. ಆದರೆ ಸಂಖ್ಯೆಯ ಮಾತು ಎತ್ತಿದ ಕೂಡಲೇ ಆ ನಗು ಎಲ್ಲಿ ಹೋಯಿತೋ. ಹಟ್ಟಿಯ ಗೌಡ ಅಪ್ಪ, ಅವನ ಮಾತು ಬಿದ್ದರೆ ಮುಗಿಯಿತು. ಅವನು ಎದ್ದು ನಿಂತು ಮೋರಿ ಬೇಕು, ಎಣಿಕೆ ಬೇಡ ಅಂದ. ಅಷ್ಟೇ. ರೊಪ್ಪದ ಕಡೆ ನಡೆದುಬಿಟ್ಟ.

ಅರ್ಜಿ ಬರೆದೆ. ಸಂಖ್ಯೆ ಇರಬೇಕಾದ ಕಡೆ 'ಬಹಳ' ಅಂತ ಬರೆದೆ. ಹನ್ನೊಂದು ಹೆಂಗಸರು ಬಸ್ಸು ಹತ್ತಿ ಕ್ಯಾಂಪ್ ಆಫೀಸಿಗೆ ಹೋದೆವು. ಮೂರು ಗಂಟೆ ಜಗಲಿಯಲ್ಲಿ ಕೂರಿಸಿದರು. ಇಂಜಿನಿಯರು ಅರ್ಜಿ ಓದಿ, 'ಬಹಳ' ಅನ್ನುವ ಪದದ ಕೆಳಗೆ ಕೆಂಪು ಗೆರೆ ಎಳೆದು ವಾಪಸು ಕೊಟ್ಟರು. ತಮ್ಮ ಹತ್ತಿರ ಎಷ್ಟು ಕುರಿ ಇದೆ ಅಂತಲೇ ಹೇಳಲಾಗದವರಿಗೆ ಸರ್ಕಾರ ಏನು ಅಂತ ಕಟ್ಟಿಕೊಡಬೇಕು ಅಂದರು. ಜುಂಜಯ್ಯನ ಹೆಣದ ಮುಂದೆ ಕೊಟ್ಟ ಮಾತನ್ನು ನೆನಪಿಸಿದೆ. ಅದು ನಿಮ್ಮ ಸಮಾಧಾನಕ್ಕೆ ಅಂದದ್ದು ಅಂದರು.

ನಾವು ಸಮಾಧಾನ ಕೇಳಿರಲಿಲ್ಲ, ದಾರಿ ಕೇಳಿದ್ದೆವು. ಹೆಣ ಬಿದ್ದ ಜಾಗದಲ್ಲಿ ಒಂದು ಮಾತು, ಮೇಜಿನ ಹಿಂದೆ ಇನ್ನೊಂದು ಮಾತು. ಎರಡೂ ಒಂದೇ ಬಾಯಿ.

ನೀನು ಕೇಳಿದೆ, ತಪ್ಪು ನನ್ನೊಬ್ಬನದೇ ಅಂತ. ಅಲ್ಲ. ಹಟ್ಟಿಯದೂ ಇದೆ, ಅದನ್ನು ಸಭೆಯಲ್ಲೇ ಹೇಳಿದ್ದೇನೆ, ಬೈಸಿಕೊಂಡಿದ್ದೇನೆ. ಆದರೆ ಅವರು ಹೆದರಿ ಸುಳ್ಳು ಹೇಳಿದರು. ನೀನು ಗೊತ್ತಿದ್ದೂ ಸಹಿ ಹಾಕಿದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಜಯಕ್ಕ

---

ಕಾರೇಗುಡ್ಡದ ಹಟ್ಟಿ
೧೧ ಆಗಸ್ಟ್ ೧೯೭೪

ಚಿತ್ರಲಿಂಗಪ್ಪ,

ಜುಲೈ ಪೂರ್ತಿ ನಿನ್ನಿಂದ ಒಂದು ಕಾರ್ಡೂ ಇಲ್ಲ. ನಾನೂ ಬರೆಯಬಾರದು ಅಂತಿದ್ದೆ. ಬರೆಯಬೇಕಾಯಿತು.

ಬುಧವಾರ ಬೆಳಿಗ್ಗೆ ಏಳರ ಸುಮಾರಿಗೆ ಕೆಂಚಕ್ಕ ತನ್ನ ಮಂದೆ ಹೊಡೆದುಕೊಂಡು ಹೊರಟಳು. ರಸ್ತೆ ಎತ್ತರಿಸಿದ ಮೇಲೆ ನಮಗೆ ಲಾರಿ ಕಾಣುವುದಿಲ್ಲ, ಲಾರಿಯವನಿಗೆ ನಾವು ಕಾಣುವುದಿಲ್ಲ. ಮುಂದಿನ ಟಗರು ರಸ್ತೆಯ ಏರಿ ಹತ್ತಿದರೆ ಹಿಂದಿನವು ನಿಲ್ಲುವುದೂ ಇಲ್ಲ. ಮಿಲ್ಲಿನ ಕಡಲೆಕಾಯಿ ಲಾರಿ ಬಂತು. ಮಂದೆಯ ನಡುವೆ ಹೊಕ್ಕು ಆಚೆ ಹೋಗಿ ನಿಂತಿತು. ಕೆಂಚಕ್ಕ ಹಳ್ಳಕ್ಕೆ ಬಿದ್ದು ಬಲಗೈ ಮುರಿದುಕೊಂಡಳು. ಪ್ರಾಣಕ್ಕೆ ಅಪಾಯ ಇಲ್ಲ.

ಮಧ್ಯಾಹ್ನ ಪೊಲೀಸು ದಫೇದಾರ ಬಂದ. ಜೊತೆಗೆ ಗಂಗಾಧರಪ್ಪನ ಮಿಲ್ಲಿನ ರೈಟರು ಮುರುಗಪ್ಪ. ಎಷ್ಟು ಸತ್ತವು ಅಂತ ದಫೇದಾರ ಅಪ್ಪನನ್ನು ಕೇಳಿದ. ರಸ್ತೆ ತುಂಬ ಬಿದ್ದಿವೆ, ರಕ್ತಕ್ಕೆ ನೊಣ ಕವಿದಿದೆ. ಅಪ್ಪ ಅವನ್ನು ನೋಡಿದ, ದಫೇದಾರನನ್ನು ನೋಡಿದ.

"ಸತ್ತಾವೆ ಸ್ವಾಮಿ. ನೀವೇ ನೋಡ್ಕಳ್ರಿ."

ಸತ್ತದ್ದನ್ನೂ ಎಣಿಸಬಾರದಂತೆ! ಎರಡೋ ಮೂರೋ ಇರಬಹುದು ಅಂತ ಮುರುಗಪ್ಪ ಸೇರಿಸಿದ. ದಫೇದಾರ 'ಕೆಲವು' ಅಂತ ಬರೆದುಕೊಂಡ. ಪುಸ್ತಕ ಮುಚ್ಚುವುದರಲ್ಲಿದ್ದ. ಆಗ ಕೆಂಚಕ್ಕ ಎದ್ದಳು. ಮುರಿದ ಕೈಯನ್ನು ಸೆರಗಿನಲ್ಲಿ ಕುತ್ತಿಗೆಗೆ ಕಟ್ಟಿಕೊಂಡಿದ್ದಳು. ರಸ್ತೆಯ ಆ ತುದಿಗೆ ಹೋಗಿ ಮೊದಲನೇ ಕುರಿಯ ಪಕ್ಕ ನಿಂತಳು.

"ಒಂದು. ಇದು ಕರಿಮೂತಿ. ಬರ್ಕಳ್ರಿ. ಎಲ್ಡು. ಇದು ಅದ್ರ ಮರಿ."

ಹಟ್ಟಿಯವರು ಕಿವಿ ಮುಚ್ಚಿಕೊಂಡರು. ಜಂಬಣ್ಣನ ತಾಯಿ ಬೇಡ ಕಣೇ ತಾಯಿ ಅಂತ ಅವಳ ಕಾಲಿಗೆ ಬಿದ್ದಳು. ಅವಳನ್ನು ದಾಟಿಕೊಂಡು ಕೆಂಚಕ್ಕ ಮೂರು ಅಂದಳು. ಒಂದೊಂದರ ಹತ್ತಿರ ನಿಂತು, ಹೆಸರು ಹೇಳಿ, ಲೆಕ್ಕ ಹೇಳಿ, ದಫೇದಾರನ ಪೆನ್ನು ಓಡುವವರೆಗೆ ಕಾದು, ಮುಂದಿನದಕ್ಕೆ ಹೋದಳು. ಮೂವತ್ತೊಂದಕ್ಕೆ ನಿಂತಳು.

"ಮೂವತ್ತೊಂದು. ನನ್ ಗಂಡನ್ನ ಇದ್ರಾಗೆ ಸೇರ್ಸಿಲ್ಲ. ಅವ್ನು ಹೋದ್ವರ್ಷದೋನು. ಈಗ ಬರ್ದದ್ದು ಓದಿ ಹೇಳ್ರಿ."

ದಫೇದಾರ ಓದಿ ಹೇಳಿದ. ಮುರುಗಪ್ಪ ಮುಖ ಆಚೆ ಮಾಡಿದ.

ಈ ಹಟ್ಟಿಯಲ್ಲಿ ಮೊದಲ ಸಲ ಒಂದು ಸಂಖ್ಯೆ ಹುಟ್ಟಿದ್ದು ಹೀಗೆ. ನೀನು ಬರೆದ ನೂರ ತೊಂಬತ್ತಮೂರರಲ್ಲಿ ಮೂವತ್ತೊಂದು ಕಳೆದುಕೋ.

ಜಯಕ್ಕ

---

ಚಿತ್ರದುರ್ಗ
೧೯ ಆಗಸ್ಟ್ ೧೯೭೪

ಅಕ್ಕ,

ಕರಿಮೂತಿ ಅಂದರೆ ಅಪ್ಪ ಕೆಂಚಕ್ಕನ ಮದುವೆಗೆ ಕೊಟ್ಟ ಕುರಿಯ ಮರಿಯೇ? ಅದರ ತಾಯಿ ಸತ್ತಾಗ ನಾನು ಬೆರಳು ಚೀಪಿಸಿ ಹಾಲು ಕುಡಿಸಿದ್ದೆನಲ್ಲ, ಅದೇ ತಾನೆ? ಬಿಳಿಕಿವಿ ಉಳಿಯಿತೇ? ಮೊಂಡುಬಾಲದ ಟಗರು ಮುಂದೆ ಇರುತ್ತಿತ್ತು, ಅದು?

ನಿನ್ನ ಕಾಗದ ಬಂದ ದಿನವೇ ಆ ರಸ್ತೆಯ ಫೈಲು ನನ್ನ ಮೇಜಿಗೆ ಬಂತು. ನಕಾಶೆಗಳನ್ನು ಜೋಡಿಸಿ ದಾರ ಕಟ್ಟುವ ಕೆಲಸ. ಗಂಗಾಧರಪ್ಪನ ಹೊಲದ ಮುಂದೆ ಮೋರಿಯ ಗುರುತು, ನಮ್ಮ ಹಟ್ಟಿಯ ಮುಂದೆ ಒಂದು ಸಣ್ಣ ಸೊನ್ನೆ. ಅದೇ ಪೈಪು. ಸೆಪ್ಟೆಂಬರ್ ಮೂವತ್ತಕ್ಕೆ ನಕಾಶೆ ಕಾಯಂ ಆಗುತ್ತದೆ. ಆಮೇಲೆ ಯಾರು ಏನು ಬರೆದುಕೊಟ್ಟರೂ ಬದಲಾಗುವುದಿಲ್ಲ.

ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತೆ. 'ನಾನು ಕೆಳಗೆ ಸಹಿ ಮಾಡಿರುವ' ಅನ್ನುವವರೆಗೆ ಬಂತು. ಹರಿದು ಹಾಕಿದೆ. ನನ್ನಿಂದ ಆಗುವುದಿಲ್ಲ ಅಕ್ಕ. ತಮ್ಮ ಹೇಡಿ ಅಂತ ತಿಳಿದುಕೋ. ಕೆಂಚಕ್ಕನ ಕೈ ಹೇಗಿದೆ?

ಚಿತ್ರಲಿಂಗ

---

ಕಾರೇಗುಡ್ಡದ ಹಟ್ಟಿ
೧೨ ಸೆಪ್ಟೆಂಬರ್ ೧೯೭೪

ಚಿತ್ರಲಿಂಗ,

ಹೌದು, ಅದೇ ಕರಿಮೂತಿ. ಬಿಳಿಕಿವಿ ಇದೆ. ಮೊಂಡುಬಾಲದ ಟಗರು ಹೋಯಿತು, ಕೆಂಚಕ್ಕನ ಲೆಕ್ಕದಲ್ಲಿ ಏಳನೆಯದು.

ಕೆಂಚಕ್ಕನ ಕೈ ಕೂಡುತ್ತಿದೆ. ಹಟ್ಟಿ ಮುರಿದಿದೆ. ಅವಳು ಎಣಿಸಿದ ಹದಿನೈದು ದಿನಕ್ಕೆ ಅವಳ ಉಳಿದ ಕುರಿಗಳಲ್ಲಿ ಒಂಬತ್ತು ಹೊಟ್ಟೆ ಉಬ್ಬಿ ಸತ್ತವು. ನೋಡಿದ್ರಾ, ಎಣಿಸಿದ್ದಕ್ಕೇ ಅಂತ ಶುರುವಾಯಿತು. ಅವಳ ಮನೆಯಿಂದ ಬೆಂಕಿ ತರುವುದಿಲ್ಲ, ಅವಳ ಮನೆಗೆ ಕೊಡುವುದಿಲ್ಲ. ಅವಳ ಬಿಂದಿಗೆ ಕೆರೆಯಲ್ಲಿ ಇಳಿದರೆ ಉಳಿದ ಹೆಂಗಸರು ಮೇಲೆ ಹತ್ತುತ್ತಾರೆ. ಬಸ್ಸಿನಲ್ಲಿ ನನ್ನ ಜೊತೆ ಆಫೀಸಿಗೆ ಬಂದ ಅದೇ ಹೆಂಗಸರು.

ಹಿರಿಯೂರಿಂದ ದನದ ಡಾಕ್ಟರನ್ನು ಕರೆತಂದೆ. ಮಳೆ ಬಿದ್ದ ಮೇಲೆ ಎಳೆಹುಲ್ಲು ಹೊಟ್ಟೆ ಬಿರಿಯೆ ಮೇಯ್ದು ಬರುವ ರೋಗ, ಪ್ರತಿವರ್ಷ ಎಲ್ಲಾ ಕಡೆ ಬರುತ್ತದೆ ಅಂದರು. ಉಳಿದವಕ್ಕೆ ಸೂಜಿ ಹಾಕಿದರು. ಜನ ತಲೆ ಆಡಿಸಿದರು, ನಂಬಲಿಲ್ಲ. ನಿನಗೆ ಸುಳ್ಳು ಯಾಕೆ ಹೇಳಲಿ, ಆ ದಿನ ನನಗೂ ಹೆದರಿಕೆ ಆಯಿತು. ಡಾಕ್ಟರು ಹೋದ ಮೇಲೆ ನಮ್ಮ ರೊಪ್ಪದ ಹತ್ತಿರ ಹೋದೆ. ಎಣಿಸಬೇಕು, ಎಣಿಸಿ ನೋಡಿಯೇ ಬಿಡಬೇಕು ಅಂತ. ನಾಲ್ಕಕ್ಕೇ ನಿಲ್ಲಿಸಿಬಿಟ್ಟೆ. ಸಂಘದ ಕಾರ್ಯದರ್ಶಿ ನಾನು. ಭಾಷಣ ಮಾಡುವವಳು ನಾನು. ತಿರುಗಿ ಬಂದೆ.

ಕೆಂಚಕ್ಕ ಮಾತ್ರ ಅಳುಕಿಲ್ಲ. ಬಾಗಿಲಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ ಗಂಡನ್ನ ಯಾರೂ ಎಣಿಸಿರ್ಲಿಲ್ಲ. ಅವ್ನ್ಯಾಕೆ ಸತ್ತ, ಹೇಳ್ರಿ ನೋಡಾಣ."

ಅಪ್ಪ ಅವಳ ಮನೆಯ ಕಡೆ ತಿರುಗಿ ನೋಡುವುದಿಲ್ಲ. ಆದರೆ ಬೆಳಿಗ್ಗೆ ತನ್ನ ಮಂದೆಗಿಂತ ಮೊದಲು ಅವಳ ಮಂದೆಯನ್ನು ರಸ್ತೆ ದಾಟಿಸಿ ಬರುತ್ತಾನೆ. ಯಾಕೆ ಅಂತ ಯಾರೋ ಕೇಳಿದ್ದಕ್ಕೆ, ಒಂದು ಕೈ ಕೆಲಸಕ್ಕೆ ಬಾರದವಳು ಅಂದನಂತೆ.

ಸೆಪ್ಟೆಂಬರ್ ಮೂವತ್ತು ಅಂತ ನೀನೇ ಬರೆದೆ. ಹೇಡಿಯಾದವನು ಆ ತಾರೀಖನ್ನು ನನಗೆ ಯಾಕೆ ತಿಳಿಸಿದ? ಕುರಿಗಳ ಹೆಸರು ಹಿಡಿದು ಯಾಕೆ ಕೇಳಿದ? ಅದಕ್ಕೆ ಉತ್ತರ ನಿನ್ನಲ್ಲೇ ಹುಡುಕಿಕೋ. ನಾನು ಇನ್ನು ಬರೆಯುವುದಿಲ್ಲ. ಹದಿನೆಂಟು ದಿನ ಇದೆ.

ಜಯಕ್ಕ

---

ಚಿತ್ರದುರ್ಗ
೧ ಅಕ್ಟೋಬರ್ ೧೯೭೪

ಅಕ್ಕ,

ಇಪ್ಪತ್ತೇಳನೇ ತಾರೀಖು, ಶುಕ್ರವಾರ, ಬರೆದು ಕೊಟ್ಟೆ. ನಕಲು ಇದರ ಜೊತೆ ಇದೆ. ನಾಲ್ಕೇ ಸಾಲು:

'ನನ್ನ ಸ್ವಂತ ಊರು ರಾಮಗಿರಿ ಅಲ್ಲ, ಕಾರೇಗುಡ್ಡದ ಹಟ್ಟಿ. ಆ ಹಟ್ಟಿಯ ಗೌಡ ಗೊಲ್ಲಪ್ಪ ನನ್ನ ತಂದೆ. ನಮ್ಮಲ್ಲಿ ಕುರಿಯ ಲೆಕ್ಕವನ್ನು ಹೊರಗಿನವರಿಗೆ ಕಡಿಮೆ ಹೇಳುವ ರೂಢಿ ಇದೆ ಎಂದು ತಿಳಿದೂ ಅದನ್ನೇ ನಿಜವೆಂದು ಬರೆದು ಸಹಿ ಹಾಕಿದ್ದೇನೆ. ಆ ಎಣಿಕೆ ಸುಳ್ಳು.'

ಹೆಡ್ ಗುಮಾಸ್ತರು ಹಾಲಸ್ವಾಮಿ. ಒಳ್ಳೆಯವರು, ನನಗೆ ಕೆಲಸ ಕಲಿಸಿದವರು. ಅದನ್ನು ಓದಿ ಬಾಗಿಲು ಹಾಕಿಕೊಂಡು ಬಂದು ನನ್ನ ಪಕ್ಕ ಕೂತರು.

"ಲೇ, ಮೂರು ತಿಂಗ್ಳು ತಡ್ಕಳಪ್ಪ. ಕಾಯಂ ಆಗ್ಲಿ. ಆಮೇಲೆ ಎಷ್ಟು ಬೇಕಾದ್ರೂ ಸತ್ಯ ಹೇಳ್ವಂತೆ."

"ಅಷ್ಟೊತ್ತಿಗೆ ಮೋರಿ ಗಂಗಾಧರಪ್ಪನ ಹೊಲದಾಗಿರ್ತೈತೆ ಸಾರ್" ಅಂದೆ. ಐತೆ ಅಂದದ್ದು ನನ್ನ ಕಿವಿಗೇ ಬಿತ್ತು. ನಾಲ್ಕು ವರ್ಷ ಆ ಆಫೀಸಿನಲ್ಲಿ ಇದೆ, ಇರುತ್ತದೆ ಅಂತಲೇ ಮಾತಾಡಿದ್ದೆ. ಅವರು ಕಾಗದಕ್ಕೆ ಮೊಹರು ಒತ್ತಿ, ಸಾಹೇಬರ ಕೋಣೆಗೆ ತಾವೇ ಒಯ್ದರು. ನಿನ್ನೆ ಸಂಜೆ ನನ್ನನ್ನು ಕೆಲಸದಿಂದ ತೆಗೆದ ಆದೇಶ ಕೈಗೆ ಬಂತು. ಬೆಳಿಗ್ಗೆ ಮೇಜಿನಿಂದ ಬುತ್ತಿಯ ಡಬ್ಬಿ ತರಲು ಹೋದರೆ ಯಾರೂ ತಲೆ ಎತ್ತಲಿಲ್ಲ.

ಹಳೆಯ ಎಣಿಕೆ ರದ್ದಾಗಿದೆ. ನಕಾಶೆ ತಡೆದಿದ್ದಾರೆ. ಮರು ಎಣಿಕೆಯ ನೋಟೀಸು ಎರಡು ದಿನದಲ್ಲಿ ಹಟ್ಟಿಗೆ ಬರುತ್ತದೆ. ಅದರ ಷರತ್ತುಗಳನ್ನು ಸರಿಯಾಗಿ ಓದಿ ಎಲ್ಲರಿಗೂ ಹೇಳು, ಎಡವಟ್ಟಾಗುವುದು ಅಲ್ಲೇ. ಕುರಿಗಳು ಒಂದೊಂದಾಗಿ ರಸ್ತೆ ದಾಟಬೇಕು. ಹಟ್ಟಿಯ ಪರವಾಗಿ ಒಬ್ಬರು ನಿಂತು ಗಟ್ಟಿಯಾಗಿ ಲೆಕ್ಕ ಕೂಗಬೇಕು. ಇಬ್ಬರು ಗುಮಾಸ್ತರು ಬರೆದುಕೊಳ್ಳುತ್ತಾರೆ. ಆಕ್ಷೇಪಣೆ ಇರುವವರು ಹಾಜರಿರಬಹುದು, ಅಂದರೆ ಗಂಗಾಧರಪ್ಪ. ಕೂಗುವವರು ನಡುವೆ ನಿಲ್ಲಿಸಿದರೆ, ಐನೂರು ಮುಟ್ಟುವ ಮೊದಲು ಮಂದೆ ಚದುರಿದರೆ, ಪೈಪೇ ಕಾಯಂ. ಇನ್ನೊಂದು ಸಲ ಅವಕಾಶ ಇಲ್ಲ.

ಈ ಕಾಗದವನ್ನು ಅಪ್ಪನಿಗೆ ಓದಿ ಹೇಳು. ಬೇಡ ಅನ್ನಿಸಿದರೆ ಬಿಡು. ನಾನು ಬರಬಹುದೋ ಬೇಡವೋ, ಅದೊಂದನ್ನು ಬರೆ.

ನಿನ್ನ ತಮ್ಮ
ಚಿತ್ರಲಿಂಗ

---

ಕಾರೇಗುಡ್ಡದ ಹಟ್ಟಿ
೧೭ ಅಕ್ಟೋಬರ್ ೧೯೭೪

ತಮ್ಮ ಚಿತ್ರಲಿಂಗನಿಗೆ,

ತಡವಾಯಿತು. ಹಟ್ಟಿ ಒಂದು ತೀರ್ಮಾನಕ್ಕೆ ಬರಲಿ ಅಂತ ಕಾದೆ. ನಾಲ್ಕು ಸಭೆ ಆದವು.

ನಿನ್ನ ಹೇಳಿಕೆಯನ್ನು ಮೊದಲ ಸಭೆಯಲ್ಲೇ ಓದಿದೆ. ಮುಗಿದ ಮೇಲೆ ಅಪ್ಪ ಎರಡನೇ ಸಾಲು, ತನ್ನ ಹೆಸರಿರುವುದನ್ನು, ಇನ್ನೊಂದು ಸಲ ಓದು ಅಂದ. ಓದಿದೆ. ಅದು ಸರ್ಕಾರದ ಕಾಗದದಾಗೇ ಬರ್ದೈತಾ ಅಂತ ಕೇಳಿದ. ಮೊಹರು ತೋರಿಸಿದೆ. ಅವನಿಗೆ ಓದಲು ಬರುವುದಿಲ್ಲ, ಆದರೂ ಕಾಗದ ಇಸಿದುಕೊಂಡು ಬಹಳ ಹೊತ್ತು ನೋಡಿದ.

ಎರಡನೇದು, ಮೂರನೇದು ಬರೀ ಜಗಳ. ಕಾಯಂ ಆಗುವ ಕೆಲಸವನ್ನೇ ನನ್ನ ತಮ್ಮ ಬಿಟ್ಟುಕೊಟ್ಟಿದ್ದಾನೆ, ನಾವು ಒಂದು ಭಯ ಬಿಡಲಾರೆವಾ ಅಂತ ನಾನು. ಭಯ ಬಿಟ್ಟವರ ಮನೆಯಲ್ಲಿ ಒಂಬತ್ತು ಸತ್ತವಲ್ಲ ಅಂತ ಅವರು. ಮೊನ್ನೆ ನಾಲ್ಕನೇ ಸಭೆ. ಜಂಬಣ್ಣ ಎದ್ದು ನೇರವಾಗಿ ಅಪ್ಪನನ್ನೇ ಕೇಳಿದ.

"ಗೌಡ್ರೇ, ಎಣಿಸಿದ್ಮೇಲೆ ಸಾಯಕ್ಕೆ ಹತ್ತಿದ್ರೆ ಯಾರು ಜವಾಬು?"

"ಎಣಿಸ್ದೇನೆ ಸತ್ತಾವಲ್ಲೋ ಜಂಬಣ್ಣ, ಅದಕ್ಕೆ ಯಾರು ಜವಾಬು? ನಾನೇ ತಾನೇ ಹತ್ತೋ ಹನ್ನೆರಡೋ ಅಂದೋನು. ನನ್ ಮಾತು ನಂಬ್ಕಂಡು ಕುರಿ ರಸ್ತೆ ಮ್ಯಾಲೆ ಸತ್ವು."

ಅಪ್ಪ ಮುಂದುವರಿಸಿ, ತನ್ನ ಬಾಯಿಂದ ಲೆಕ್ಕ ಬರುವುದಿಲ್ಲ, ಅರವತ್ತು ವರ್ಷದ ಬಾಯಿ ಇದು ಅಂದ. ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಹೊರಗೆ ಬಿಡುವುದು ತನ್ನ ಕೆಲಸ, ರಸ್ತೆಯ ಮೇಲೆ ನಿಂತು ಕೂಗುವುದು ತನ್ನ ಮಗನ ಕೆಲಸ ಅಂದ. ಮೊದಲು ದಾಟುವುದು ಕೆಂಚಕ್ಕನ ಮಂದೆ. ಅದನ್ನೂ ಅವನೇ ಹೇಳಿದ. ಸಭೆ ಮುಗಿದ ಮೇಲೆ ಜಂಬಣ್ಣನ ತಾಯಿ ಕೆಂಚಕ್ಕನ ಬಾಗಿಲಿಗೆ ಹೋಗಿ ಒಲೆಗೆ ಕೆಂಡ ಕೇಳಿದಳು. ಒಬ್ಬಳೇ. ಉಳಿದವರು ಇನ್ನೂ ಹೋಗಿಲ್ಲ.

ನೀನು ಕೂಗಬಹುದೇ ಅಂತ ಆಫೀಸಿನಲ್ಲಿ ವಿಚಾರಿಸಿ ಬಂದೆ. ಈಗ ನೀನು ಅವರ ನೌಕರ ಅಲ್ಲ, ಹಟ್ಟಿಯವನು ಅಂತ ಅವರ ಕಾಗದದಲ್ಲೇ ಇದೆ. ಬೇಡ ಅನ್ನಲು ಅವರಿಗೆ ದಾರಿ ಇಲ್ಲ. ಇಂಜಿನಿಯರು ನನ್ನ ಮುಖ ನೋಡದೆ ಸಹಿ ಮಾಡಿದರು.

ಇನ್ನು ಗಂಗಾಧರಪ್ಪ. ಮೋರಿ ಇದೆ ಅಂತ ಹೇಳಿ ಸೈಟು ಮಾರಿದ್ದಾನೆ, ಸುಮ್ಮನೆ ಬಿಡುವುದಿಲ್ಲ. ಎಣಿಕೆಯ ಬೆಳಿಗ್ಗೆ ಮಿಲ್ಲಿನ ಲಾರಿಗಳೆಲ್ಲ ಸಾಲಾಗಿ ಹಟ್ಟಿಯ ಮುಂದೆ ಹಾಯಬೇಕು, ಹಾರ್ನ್ ನಿಲ್ಲಿಸಬಾರದು ಅಂತ ಡ್ರೈವರುಗಳಿಗೆ ಹೇಳಿದ್ದಾನೆ. ಒಬ್ಬ ಡ್ರೈವರೇ ಕೆಂಚಕ್ಕನಿಗೆ ತಿಳಿಸಿ ಹೋದ. ಮಂದೆ ಬೆದರಿ ಚದುರಿದರೆ ಎಲ್ಲಾ ಮುಗಿಯಿತು ಅನ್ನುವುದು ಗಂಗಾಧರಪ್ಪನಿಗೂ ಗೊತ್ತು. ಪೊಲೀಸು ಕೊಡಿ ಅಂತ ಅರ್ಜಿ ಕೊಟ್ಟೆ. ಅದು ನಮ್ಮ ಕೆಲಸ ಅಲ್ಲ ಅಂದರು.

ಹಾಗಾದರೆ ನಮ್ಮ ಕೆಲಸ. ಹಟ್ಟಿಯ ಹೆಂಗಸರು ಎರಡು ಪಾಲಾಗಿ, ರೊಪ್ಪದಿಂದ ಎರಡೂ ಕಡೆ ಇನ್ನೂರು ಮಾರು ದೂರದಲ್ಲಿ ರಸ್ತೆಗೆ ಅಡ್ಡ ಕೂರುತ್ತೇವೆ. ಹಿರಿಯೂರಿನ ಕಡೆ ನಾನು, ಸಿರಾ ಕಡೆ ಕೆಂಚಕ್ಕ. ಶ್ರೀರಾಂಪುರದಿಂದ ಕುರುಬರ ಗಿರಿಯಮ್ಮ ಹತ್ತು ಜನರನ್ನು ಕರೆದುಕೊಂಡು ಬರುತ್ತೇನೆ ಅಂದಿದ್ದಾಳೆ. ಅವರದೂ ಇದೇ ಗೋಳು. ಲಾರಿ ನಿಲ್ಲದಿದ್ದರೆ ಏನು ಅಂತ ಕೆಲವರು ಕೇಳಿದರು. ಏಳುವುದಿಲ್ಲ ಅಂದೆ ಅಷ್ಟೇ.

ಹಾರ್ನು ಕೇಳುತ್ತದೆ. ಜನ ಕೂಗಾಡುತ್ತಾರೆ. ನೀನು ನಮ್ಮ ಕಡೆ ತಿರುಗಬೇಡ. ಏನಾದರೂ ಆಗಲಿ, ಕುರಿಯ ಮೇಲಿಂದ ಕಣ್ಣು ಕೀಳಬೇಡ, ಲೆಕ್ಕ ನಿಲ್ಲಿಸಬೇಡ. ಐನೂರಕ್ಕೆ ನಿಲ್ಲಬೇಡ, ಕೊನೆಯ ಮರಿಯವರೆಗೂ ಕೂಗು.

ಬರಬಹುದೋ ಬೇಡವೋ ಅಂತ ಕೇಳಿದ್ದೀಯ. ಅಪ್ಪ ದಿನಾ ಎರಡು ಸಲ, ಹನ್ನೊಂದರ ಬಸ್ಸಿಗೂ ನಾಲ್ಕರ ಬಸ್ಸಿಗೂ, ಕುರಿ ನೋಡುವ ನೆಪದಲ್ಲಿ ಏರಿ ಹತ್ತಿ ನಿಲ್ಲುತ್ತಿದ್ದಾನೆ.

ಮರು ಎಣಿಕೆ ಅಕ್ಟೋಬರ್ ಇಪ್ಪತ್ತನಾಲ್ಕು, ಗುರುವಾರ. ಹಟ್ಟಿಯ ಎದುರು, ಹೆದ್ದಾರಿಯ ಮೇಲೆ. ಸರಿಯಾಗಿ ಬೆಳಿಗ್ಗೆ ಆರೂವರೆಗೆ.

ನಿನ್ನ ಅಕ್ಕ
ಜಯಕ್ಕ
ಕಾರ್ಯದರ್ಶಿ, ಕಾರೇಗುಡ್ಡದ ಹಟ್ಟಿ ಹಿತರಕ್ಷಣಾ ಸಂಘ